ಮಾವನ ತಿಥಿ, ಮಗಳ ಹುಟ್ಟುಹಬ್ಬ

ನನ್ನ ಗಂಡನ ಅಕ್ಕನನ್ನು ಕಂಡರೆ ನನಗೆ ಆಗುವುದಿಲ್ಲ. ದೀಪ ಹಚ್ಚಿ, ತುಳಸಿಗೆ ನೀರು ಹಾಕಿ, ಬಾಯಲ್ಲಿ ಇನ್ನೂ ಸ್ತೋತ್ರ ಇರುವಾಗಲೇ ಇದನ್ನು ಬರೆಯಲು ಕೂತಿದ್ದೇನೆ, ಸುಳ್ಳು ಬರೆಯುವ ಹಾಗಿಲ್ಲ. ಎಲ್ಲರನ್ನೂ ಪ್ರೀತಿಯಿಂದ ಕಾಣಬೇಕು ಎಂದು ಪ್ರವಚನದಲ್ಲಿ ಹೇಳುತ್ತಾರೆ. ಪ್ರವಚನ ಮಾಡುವವರ ಮನೆಗೆ ಅತ್ತಿಗೆ ಹೋಗುವುದಿಲ್ಲ, ನಮ್ಮ ಮನೆಗೆ ಬರುತ್ತಾರೆ.

ಅವರು ಇರುವುದು ಮುಂಬೈಯ ವಿಲೆ ಪಾರ್ಲೆಯಲ್ಲಿ, ನಾವು ಸಯನ್‌ನಲ್ಲಿ. ಲೋಕಲ್‌ನಲ್ಲಿ ಬರುವುದಾದರೆ ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಇನ್ನೊಂದು ಲೈನಿನ ಗಾಡಿ ಹಿಡಿಯಬೇಕು. ಮೊಣಕಾಲು ಹಿಡಿದುಕೊಂಡವರಿಗೆ ಅದು ಸುಲಭವಲ್ಲ. ಇಬ್ಬರಿಗೂ ಒಂದೇ ಲೈನಿನಲ್ಲಿ ಮನೆ ಕೊಡದ ದೇವರಿಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಆದರೂ ವರ್ಷಕ್ಕೊಂದು ದಿನ ಅವರು ಟ್ಯಾಕ್ಸಿ ಮಾಡಿಕೊಂಡು ತಪ್ಪದೆ ಬರುತ್ತಾರೆ. ಅದು ನನ್ನ ಮಾವನ ತಿಥಿಯ ದಿನ. ಮಾವ ತೀರಿಕೊಂಡ ದಿನವೇ ನನ್ನ ಮಗಳು ಹುಟ್ಟಿದ್ದು. ನನ್ನ ಜಗಳವೆಲ್ಲ ಇರುವುದು ಆ ಒಂದು ದಿನದ ಬಗ್ಗೆ.

ನಾವು ಉಡುಪಿ ಕಡೆಯವರು. ಇಂಗ್ಲಿಷ್ ತಾರೀಕಿನ ಹುಟ್ಟುಹಬ್ಬ ನಮಗೆ ಶಾಲೆಗೆ, ಆಫೀಸಿಗೆ, ಕೇಕಿಗೆ. ಮನೆಯ ಹುಟ್ಟುಹಬ್ಬ ಬೇರೆ. ಹುಟ್ಟಿದ ತಿಂಗಳಲ್ಲಿ ಹುಟ್ಟಿದ ನಕ್ಷತ್ರ ಬಂದ ದಿನ ಎಣ್ಣೆ ಹಚ್ಚಿ ಮೀಯಿಸಿ, ಹೊಸ ಬಟ್ಟೆ ಹಾಕಿಸಿ, ದೇವರ ಮುಂದೆ ಮಣೆಯಲ್ಲಿ ಕೂರಿಸಿ ಆರತಿ ಎತ್ತಿ, ಪಾಯಸ ಬಡಿಸುವುದು. ಶ್ರಾದ್ಧಕ್ಕೆ ನಕ್ಷತ್ರ ನೋಡುವುದಿಲ್ಲ, ತಿಥಿ ನೋಡುತ್ತಾರೆ. ಹಾಗಾಗಿ ಒಂದೇ ದಿನ ಆದ ಹುಟ್ಟೂ ಸಾವೂ ಮುಂದಿನ ವರ್ಷಗಳಲ್ಲಿ ಒಂದೇ ದಿನ ಬರಬೇಕೆಂದಿಲ್ಲ. ಒಂದು ದಿನ ಹಿಂದೆ, ಒಂದು ದಿನ ಮುಂದೆ, ಅಪರೂಪಕ್ಕೆ ಒಟ್ಟಿಗೆ. ಪಂಚಾಂಗವೇ ಎರಡನ್ನೂ ಬೇರೆ ಮಾಡಿ ಕೊಡುತ್ತದೆ. ನನ್ನ ಪಾಲಿಗೆ ಅದೂ ದೇವರ ದಯೆಯೇ. ಆದರೆ ಮಗಳಿಗೆ ವರ್ಷ ತುಂಬುವಾಗಲೇ ಅತ್ತಿಗೆ ತೀರ್ಪು ಕೊಟ್ಟುಬಿಟ್ಟರು.

"ಎರಡೆರಡು ದಿನ ಎಂತಕ್ಕೆ ಮಾರಾಯ್ತಿ? ಅಪ್ಪನ ತಿಥಿಗೆ ಪಾಯಸ ಮಾಡ್ತೀಯಲ್ಲ, ಅದನ್ನೇ ಇವಳ ಬಾಯಿಗೂ ಹಾಕು. ಆಯಿತು ಹುಟ್ಟುಹಬ್ಬ."

ತಿಥಿಯ ದಿನ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಹೊಸ ಬಟ್ಟೆ ಇಲ್ಲ. ಆರತಿಯ ಮಾತೇ ಇಲ್ಲ. ನನ್ನ ಗಂಡನನ್ನು ನೋಡಿದೆ. ಅವರು ಇಡೀ ದಿನ ಹೋಟೆಲಿನಲ್ಲಿ ದುಡ್ಡು ಎಣಿಸುವ ಗಲ್ಲೆಯಲ್ಲಿ ಕೂತು ಕಂಡವರೊಡನೆಲ್ಲ ಮಾತಾಡುವವರು, ಮನೆಯಲ್ಲಿ ಬಾಯಿ ಬಿಡುವುದು ಊಟಕ್ಕೆ. "ಇರಲಿ ಬಿಡು, ಅಕ್ಕನಿಗೆ ಬೇಸರ ಆಗ್ತದೆ" ಎಂದರು. ಚಿಕ್ಕವರಿರುವಾಗಲೇ ಅವರಿಗೆ ತಾಯಿ ಇರಲಿಲ್ಲ, ಈ ಅಕ್ಕನೇ ತಲೆ ಬಾಚಿ, ಊಟ ಬಡಿಸಿ ದೊಡ್ಡ ಮಾಡಿದ್ದು. ಅದು ನನಗೂ ಗೊತ್ತು. ಆ ಊಟದ ಋಣವನ್ನು ನನ್ನ ಮಗಳ ತಲೆಯ ಮೇಲೆ ಯಾಕೆ ಇಳಿಸಬೇಕು ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಹೀಗೆ ನನ್ನ ಮಗಳ ಹುಟ್ಟುಹಬ್ಬ ಕಾಗೆಯ ಕೈಗೆ ಹೋಯಿತು. ಶ್ರಾದ್ಧ ಮುಗಿದ ಮೇಲೆ ಒಂದು ಎಲೆಯಲ್ಲಿ ಅನ್ನ, ವಡೆ, ಎಳ್ಳುಂಡೆ, ಪಾಯಸ ಎಲ್ಲ ಇಟ್ಟು ಬಿಲ್ಡಿಂಗಿನ ಟೆರೇಸಿನಲ್ಲಿ ಕಾಗೆಗೆ ಇಡಬೇಕು. ಹಿರಿಯರು ಕಾಗೆಯ ರೂಪದಲ್ಲಿ ಬಂದು ಮುಟ್ಟಿದ ಮೇಲೆಯೇ ಮನೆಯವರಿಗೆ ಊಟ. ಮುಂಬೈಯಲ್ಲಿ ಕಾಗೆಗೆ ಬರ ಇಲ್ಲ. ಆದರೆ ಬೇಕಾದ ದಿನ ಬೇಕಾದ ಹೊತ್ತಿಗೆ ಬರುವುದು ಅದರ ಇಷ್ಟ. ನೀರಿನ ಟ್ಯಾಂಕಿನ ನೆರಳಲ್ಲಿ ನಾವೆಲ್ಲ ನಿಂತು ಕಾಯುತ್ತಿದ್ದೆವು. ಆ ಕಾಯುವ ಹೊತ್ತಿನಲ್ಲೇ ಅತ್ತಿಗೆ ಕಥೆ ಹೇಳುತ್ತಿದ್ದರು.

ಮೊದಮೊದಲು ಕಥೆ ಸಣ್ಣದಿತ್ತು. ಅಪ್ಪ ಹೋದರು, ಅದೇ ದಿನ ಇವಳು ಬಂದಳು ಎನ್ನುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಮಗಳು ನಡೆಯಲು ಕಲಿತ ಮೇಲೆ ಅದು ತಿರುಗಿತು: ಇವಳು ಬಂದಳು, ಅಪ್ಪ ಹೋದರು. ಅವಳು ಶಾಲೆಗೆ ಸೇರುವ ಹೊತ್ತಿಗೆ ಸುದ್ದಿಯೊಂದು ಸೇರಿಕೊಂಡಿತು. ಹೆಣ್ಣು ಹುಟ್ಟಿದ ಸುದ್ದಿ ಕೇಳಿದ್ದೇ ಅಪ್ಪ ಎದೆ ಹಿಡಿದುಕೊಂಡರಂತೆ. ಆಮೇಲಿನ ವರ್ಷಗಳಲ್ಲಿ ಮಜ್ಜಿಗೆಯ ಲೋಟ ಬಂತು. ಅಪ್ಪನ ಕೈಯಲ್ಲಿದ್ದ ಲೋಟ ಜಾರಿ ಬಿದ್ದು ಮಜ್ಜಿಗೆಯೆಲ್ಲ ನೆಲಕ್ಕೆ ಚೆಲ್ಲಿತಂತೆ, ಒರೆಸಿದ್ದು ತಾನಂತೆ. ಮಾವನಿಗೆ ಮಜ್ಜಿಗೆ ಕುಡಿದರೆ ಶೀತ ಆಗುತ್ತಿತ್ತು. ಆ ಮನೆಯಲ್ಲಿ ಅವರಿಗೆ ಮಜ್ಜಿಗೆ ಕೊಟ್ಟವರೇ ಇಲ್ಲ. ಸತ್ತ ಮೇಲೆ ಅತ್ತಿಗೆ ಕುಡಿಸಿದರು.

ನಡೆದದ್ದು ಏನು ಎಂದು ನಾನು ಹೇಳುತ್ತೇನೆ. ಹಿಂದಿನ ದಿನವೇ ನೋವು ಶುರುವಾಗಿ ನಾನು ಆಸ್ಪತ್ರೆ ಸೇರಿದ್ದೆ. ಹೊರಡುವಾಗ ಮಾವ ಬಾಗಿಲ ತನಕ ಬಂದಿದ್ದರು. ಹೆಣ್ಣೇ ಆಗಲಿ ಮಗಾ, ಈ ಮನೆಯಲ್ಲಿ ಮಾತಾಡುವವರು ಒಬ್ಬರು ಬೇಕು ಎಂದಿದ್ದರು. ಬೆಳಿಗ್ಗೆ ನನ್ನ ಗಂಡ ಆಸ್ಪತ್ರೆಯಲ್ಲೇ ಇದ್ದರು. ಪಕ್ಕದ ಮನೆಯವರು ಬಂದು ಕರೆದರೆಂದು ಹೋದರು, ಮತ್ತೆ ಬರಲಿಲ್ಲ. ಹೋಟೆಲು ತೆರೆಯಲು ಹೋಗಿರಬೇಕು ಎಂದುಕೊಂಡೆ. ಸಂಜೆಯ ಹೊತ್ತಿಗೆ ನೋವು ತಡೆಯಲಾಗದೆ ನನ್ನನ್ನು ಹೆರಿಗೆ ಕೋಣೆಗೆ ದೂಡಿಕೊಂಡು ಹೋಗುವಾಗ ವರಾಂಡದ ಕೊನೆಯಲ್ಲಿ ಒಬ್ಬ ಗಂಡಸು ನಿಂತಿದ್ದ. ಒದ್ದೆ ಪಂಚೆ, ಬೋಳು ತಲೆ. ಯಾರೋ ಪಾಪ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ನನ್ನ ಗಂಡ.

ಮಾವ ಹೋದರೆಂದು ನನಗೆ ಯಾರೂ ಹೇಳಲಿಲ್ಲ. ಇವರ ತಲೆ ಹೇಳಿತು. ಸೂತಕದವರು ಮುಟ್ಟಬಾರದು ಎಂದು ದೂರ ನಿಂತೇ ನನ್ನನ್ನು ನೋಡಿದರು. ನನ್ನನ್ನು ದೂಡುತ್ತಿದ್ದ ಮರಾಠಿ ಆಯಾ ಅವರನ್ನೂ ನನ್ನನ್ನೂ ನೋಡಿ ಒಂದು ಗಳಿಗೆ ಗಾಡಿ ನಿಲ್ಲಿಸಿದಳು. ನನ್ನ ಹಣೆಯ ಮೇಲೆ ಕೈ ಇಟ್ಟಳು, ಆಮೇಲೆ ಒಳಗೆ ದೂಡಿದಳು. ಆ ಕೈ ಸಿಕ್ಕಿದ್ದು ನನ್ನ ಪುಣ್ಯ. ಮಗಳು ಹುಟ್ಟಿದ್ದು ಅದಾದ ಮೇಲೆ, ದೀಪ ಹಚ್ಚುವ ಹೊತ್ತು ದಾಟಿ. ಅಷ್ಟರಲ್ಲಿ ಮಾವನ ಚಿತೆ ಆರುತ್ತ ಬಂದಿರಬೇಕು. ಸತ್ತವರಿಗೆ ಸುದ್ದಿ ಮುಟ್ಟಿಸಿದವರು ಯಾರು?

ಇದನ್ನು ನಾನು ಟೆರೇಸಿನಲ್ಲೇ ಹೇಳಿದ್ದೇನೆ, ಒಂದು ಸಲವಲ್ಲ. ಅತ್ತಿಗೆಯ ಉತ್ತರ ಪ್ರತಿ ಸಲವೂ ಒಂದೇ. "ನೀನು ನೋವಿನಲ್ಲಿ ಬೊಬ್ಬೆ ಹೊಡೀತಾ ಇದ್ದವಳು. ನಿನಗೆ ಎಂತ ನೆನಪಿರ್ತದೆ?" ಕೇಳುವವರು ಹೌದೆಂದು ತಲೆ ಆಡಿಸುತ್ತಿದ್ದರು. ಹೆರುವವಳ ಮಾತು ಸಾಕ್ಷಿಗೆ ಬರುವುದಿಲ್ಲ. ಸಾಕ್ಷಿ ಇದ್ದದ್ದು ಒಂದೇ, ಆ ತಲೆ. ಅದರ ಮೇಲೆ ಕೂದಲು ಬಂತು, ನರೆಯಿತು, ಉದುರಲೂ ತೊಡಗಿತು. ಆ ತಲೆ ಹೊತ್ತವರು ಕಾಗೆ ಬರುವ ದಿಕ್ಕು ನೋಡುತ್ತ ಸುಮ್ಮನೆ ನಿಂತಿರುತ್ತಿದ್ದರು. ಅತ್ತಿಗೆಯ ಮೇಲೆ ಬಂದಷ್ಟೇ ಸಿಟ್ಟು ಇವರ ಮೇಲೂ ಬಂದಿದೆ. ದೇವರ ಮುಂದೆ ಅದನ್ನೂ ಹೇಳುತ್ತೇನೆ.

ಮಗಳು ಎರಡನೇ ಕ್ಲಾಸಿನಲ್ಲೋ ಮೂರನೆಯದರಲ್ಲೋ ಇದ್ದ ವರ್ಷ ಕಾಗೆ ಬರಲೇ ಇಲ್ಲ. ಬಿಸಿಲು ಏರಿತ್ತು. ಇನ್ನೊಂದು ಮನೆಗೆ ಹೋಗಬೇಕಿದ್ದ ಭಟ್ಟರು ಗಡಿಯಾರ ನೋಡುತ್ತಿದ್ದರು. ಹಸಿದ ಮಗಳು ಪಾಯಸ ಯಾವಾಗ, ಇವತ್ತು ನನ್ನ ಬರ್ತ್‌ಡೇ ಅಲ್ವಾ ಎಂದು ನನ್ನ ಸೆರಗು ಎಳೆಯುತ್ತಿದ್ದಳು. ಅತ್ತಿಗೆ ಅವಳ ಕಡೆ ತಿರುಗಿದರು.

"ಇವಳು ಇಲ್ಲಿ ನಿಂತ ಮೇಲೆ ಅಪ್ಪ ಹೇಗೆ ಬರ್ತಾರೆ? ಇವಳ ಮುಖ ನೋಡ್ಲಿಕ್ಕೆ ಅವರಿಗೆ ಮನಸ್ಸಿಲ್ಲ. ಕೆಳಗೆ ಕರ್ಕೊಂಡು ಹೋಗು."

ನಾನು ಕರೆದುಕೊಂಡು ಹೋಗಲಿಲ್ಲ. ಅವಳೇ ಹೋದಳು. ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದಳು. ಅವಳು ಇಳಿದು ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಕಟ್ಟೆಯ ಮೇಲೆ ಕೂತು, ಕತ್ತು ಓರೆ ಮಾಡಿ ನೋಡಿ, ವಡೆ ಕಚ್ಚಿಕೊಂಡು ಹಾರಿತು. ಅತ್ತಿಗೆ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಗೆದ್ದವರ ಮುಖ ಹಾಗಿರುತ್ತದೆ. ಆ ಕಾಗೆಯನ್ನು ನಾನು ಶಪಿಸಿದೆ. ಮಾವನೇ ಆಗಿದ್ದರೆ ಕ್ಷಮಿಸಲಿ. ಮಾವನೇ ಆಗಿದ್ದರೆ ಆ ಹೊತ್ತಿಗೆ ಬರುತ್ತಿರಲಿಲ್ಲ.

ಆ ವರ್ಷದಿಂದ ಯಾರೂ ಹೇಳಬೇಕಾಗಲಿಲ್ಲ. ಎಲೆ ಹಿಡಿದುಕೊಂಡು ನಾವು ಮೇಲೆ ಹತ್ತುವಾಗ ಮಗಳು ಕೆಳಗೇ ಉಳಿಯುತ್ತಿದ್ದಳು. ಹೋಮ್‌ವರ್ಕ್ ಇದೆ ಎನ್ನುತ್ತಿದ್ದಳು. ಕಾಲೇಜಿಗೆ ಹೋಗುವಾಗ ಫೋನ್ ಬಂದಿದೆ ಎನ್ನುತ್ತಿದ್ದಳು. ನೌಕರಿಗೆ ಸೇರಿದ ಮೇಲೆ ಆ ದಿನ ರಜೆ ಸಿಗುವುದೇ ಇಲ್ಲ ಎಂದಳು. ಇಂಗ್ಲಿಷ್ ತಾರೀಕಿನ ದಿನ ನಾನು ದೇವಸ್ಥಾನದಲ್ಲಿ ಅವಳ ಹೆಸರಿಗೆ ಅರ್ಚನೆ ಮಾಡಿಸಿ ಪ್ರಸಾದ ತಂದು ಕೊಡುತ್ತಿದ್ದೆ. "ಅಮ್ಮಾ, ಇದೆಲ್ಲ ಬೇಕಾ?" ಎನ್ನುತ್ತಿದ್ದಳು. ಹುಟ್ಟಿದ ದಿನ ಎಂದರೆ ಮುಖ ಮರೆಸಿಕೊಳ್ಳಬೇಕಾದ ದಿನ ಎಂದು ಅವಳು ಕಲಿತುಬಿಟ್ಟಿದ್ದಳು. ಯಾರಿಂದ ಎಂದು ನಾನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಆಮೇಲೆ ಅವಳಿಗೆ ಮದುವೆಯಾಯಿತು. ಭಾಂಡುಪ್‌ನಲ್ಲಿ ಮನೆ. ಅದು ನಮ್ಮದೇ ಲೈನು, ಗಾಡಿ ಬದಲಿಸಬೇಕಾಗಿಲ್ಲ. ಅಳಿಯ ಒಳ್ಳೆಯವನು, ಅತ್ತೆ ಮನೆಯವರು ತಣ್ಣಗಿನ ಜನ. ಇವೆಲ್ಲ ದೇವರು ಕೇಳದೆ ಕೊಟ್ಟದ್ದು.

ಹೋದ ವರ್ಷ ಅವಳು ಬಸುರಿ, ಐದು ತಿಂಗಳು ತುಂಬಿತ್ತು. ಪಂಚಾಂಗ ನೋಡಿದರೆ ನಕ್ಷತ್ರವೂ ತಿಥಿಯೂ ಒಂದೇ ದಿನ ಬಿದ್ದಿದ್ದವು. ನೀನು ಬರಬೇಡ, ಮರುದಿನ ನಾನೇ ಅಲ್ಲಿಗೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಅವಳು ಕೇಳಲಿಲ್ಲ. ಬೆಳಿಗ್ಗೆಯೇ ಬಂದಳು. ನಾನು ಮಡಿಯಲ್ಲಿ ಅಡುಗೆ ಮಾಡುತ್ತಿದ್ದರಿಂದ ಮುಟ್ಟುವ ಹಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನಾನು ವಡೆ ತಟ್ಟುವುದನ್ನು ನೋಡುತ್ತಿದ್ದಳು. ಅತ್ತಿಗೆ ಬಂದವರು ಅವಳ ಹೊಟ್ಟೆ ನೋಡಿದರು, ಮುಖ ನೋಡಿದರು, ಒಳಗೆ ಹೋಗಿ ಕಾಲು ತೊಳೆದುಕೊಂಡರು.

ಎಲೆ ಹಿಡಿದು ಮೇಲೆ ಹೊರಟಾಗ ಮಗಳೂ ಎದ್ದಳು. ನಮ್ಮ ಬಿಲ್ಡಿಂಗಿನ ಲಿಫ್ಟು ಟೆರೇಸಿನ ತನಕ ಹೋಗುವುದಿಲ್ಲ, ಕೊನೆಯ ಮಹಡಿಯಿಂದ ಮೆಟ್ಟಿಲು ಹತ್ತಬೇಕು. ಗೋಡೆ ಹಿಡಿದು, ನಿಂತು ನಿಂತು ಹತ್ತಿದಳು. ನನ್ನ ಗಂಡ ಎಲೆಯನ್ನು ಕಟ್ಟೆಯ ಮೇಲಿಟ್ಟು, ನೀರು ಬಿಟ್ಟು, ಹಿಂದೆ ಬಂದು ನಿಂತರು. ಒದ್ದೆ ಪಂಚೆ, ಬೆರಳಲ್ಲಿ ಇನ್ನೂ ದರ್ಭೆಯ ಪವಿತ್ರ. ಕಾಗೆ ಇರಲಿಲ್ಲ. ಮಗಳು ಟ್ಯಾಂಕಿನ ನೆರಳಿಗೆ ಬಂದು ನಿಂತದ್ದು ನೋಡಿ ಅತ್ತಿಗೆ ನನಗೆ ಹೇಳಿದರು, ಅವಳಿಗಲ್ಲ.

"ಇವಳು ಎಂತಕ್ಕೆ ಮೇಲೆ ಬಂದದ್ದು? ಕೆಳಗೆ ಹೋಗ್ಲಿಕ್ಕೆ ಹೇಳು."

"ನಾನು ಹೋಗಲ್ಲ ಅತ್ತೆ" ಎಂದಳು ಮಗಳು. ಅವಳ ಕನ್ನಡ ಮುಂಬೈಯದು, ತಡವರಿಸಿ ಬರುತ್ತದೆ. "ಲಿಫ್ಟ್ ಇಲ್ಲ ಇಲ್ಲಿ. ಒಂದ್ಸಲ ಇಳಿದ್ರೆ ಮತ್ತೆ ಹತ್ತೋದು ನನ್ನಿಂದ ಆಗಲ್ಲ."

ಅತ್ತಿಗೆ ನಕ್ಕರು. ಆಮೇಲೆ ಕಥೆ ಶುರು ಮಾಡಿದರು. ಹೆಣ್ಣೆಂಬ ಸುದ್ದಿ ಬಂತು, ಮಜ್ಜಿಗೆ ಚೆಲ್ಲಿತು, ಎಲ್ಲ ಬಂತು. ಅದರ ಬಾಲಕ್ಕೆ ಹೊಸದೊಂದು ಕಟ್ಟಿದರು.

"ಒಬ್ಬರು ಬರುವಾಗ ಒಬ್ಬರನ್ನು ಕಳಿಸುವುದು ಇವಳ ಜಾತಕದಲ್ಲೇ ಉಂಟು. ಈಗ ಇವಳ ಹೊಟ್ಟೆಯಲ್ಲಿ ಇನ್ನೊಂದು. ಈ ಸಲ ಯಾರ ಪಾಳಿಯೋ." ಹಾಗೆ ಹೇಳಿ ತಮ್ಮನ ಕಡೆ ನೋಡಿದರು.

ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಶ್ರಾದ್ಧದ ತಂಬಿಗೆ ಅಲ್ಲದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತೋ ನಾನು ಹೇಳಲಾರೆ. ಮಗಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಇಷ್ಟು ವರ್ಷ ತಾನು ಹೊತ್ತದ್ದನ್ನು ಈಗ ಒಳಗಿರುವುದಕ್ಕೂ ಹೊರಿಸುತ್ತಿದ್ದಾರೆ ಎಂದು ಅವಳಿಗೂ ಗೊತ್ತಾಯಿತು. ಅಳುತ್ತಾಳೆ ಎಂದುಕೊಂಡೆ. ಅವಳು ಪ್ರಶ್ನೆ ಕೇಳಿದಳು.

"ಅತ್ತೆ, ಅಜ್ಜನಿಗೆ ಖಬರ್ ಕೊಟ್ಟಿದ್ದು ಯಾರು? ಮತ್‌ಲಬ್, ನಾನು ಹುಟ್ಟಿದೆ ಅಂತ."

"ಯಾರು ಅಂದ್ರೆ? ನಿನ್ನ ಅಪ್ಪನೇ. ಆಸ್ಪತ್ರೆಯಿಂದ ಓಡಿ ಬಂದು ಹೇಳಿದ."

"ಪಪ್ಪಾ, ನೀವು ಹೇಳಿದ್ರಾ?"

ನಾನು ನನ್ನ ಗಂಡನನ್ನು ನೋಡಲಿಲ್ಲ. ನೋಡಿದರೆ 'ಇರಲಿ ಬಿಡು' ಎಂಬ ಮುಖ ಕಾಣುತ್ತದೆ ಎಂಬ ಹೆದರಿಕೆ. ನೆಲದ ಮೇಲಿನ ಡಾಂಬರಿನ ತೇಪೆ ನೋಡುತ್ತ ಕುಲದೇವರನ್ನು ನೆನೆದೆ. ಅವರ ಧ್ವನಿ ಬಂತು. ಗಲ್ಲೆಯಲ್ಲಿ ಗಿರಾಕಿಗೆ ಚಿಲ್ಲರೆ ಇಲ್ಲ ಎನ್ನುವ ಹಾಗೆಯೇ ಇತ್ತು, ಏರಿರಲಿಲ್ಲ.

"ಇಲ್ಲ ಅಕ್ಕ. ನಾನು ತಿರುಗಿ ಆಸ್ಪತ್ರೆಗೆ ಹೋಗುವಾಗ ನನ್ನ ತಲೆ ಬೋಳಾಗಿತ್ತು. ಅಪ್ಪನಿಗೆ ಬೆಂಕಿ ಕೊಟ್ಟು ಹೋದದ್ದು. ಇವಳು ಹುಟ್ಟಿದ್ದು ಆಮೇಲೆ."

"ನಿನಗೆ ಮರ್ತು ಹೋಗಿದೆ."

"ಮರೆಯುವಂಥದ್ದಲ್ಲ. ಕಾಂಪೌಂಡಿನಲ್ಲಿ ಕ್ಷೌರ ಆದ ಮೇಲೆ ನನ್ನ ತಲೆಗೆ ನೀರು ಹೊಯ್ದದ್ದು ನೀನೇ. ಹೆರಿಗೆ ಇನ್ನೂ ಆಗಲಿಲ್ವಾ, ಅವಳಿಗೆ ಹೇಳ್ಬೇಡ ಅಂತ ನನ್ನ ಕಿವಿಯಲ್ಲಿ ಹೇಳಿದ್ದೂ ನೀನೇ."

ಕೊನೆಯ ಮಾತು ನನಗೂ ಹೊಸದು. ಇಷ್ಟು ವರ್ಷ ಒಟ್ಟಿಗೆ ಉಂಡು ಮಲಗಿ ಎದ್ದಿದ್ದೇವೆ, ಒಮ್ಮೆಯೂ ಹೇಳಿರಲಿಲ್ಲ. ಹಾಗಾದರೆ ಅತ್ತಿಗೆಗೆ ಗೊತ್ತಿತ್ತು. ಕಾಲ ಕಳೆದು ನೆನಪು ಮಸುಕಾಗಿ ಹೀಗೆ ಹೇಳುತ್ತಿದ್ದಾರೇನೋ ಎಂದು ನಾನು ಒಂದೆರಡು ಸಲ ಅವರ ಪರವಾಗಿ ಯೋಚಿಸಿದ್ದೂ ಉಂಟು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಅತ್ತಿಗೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ಮಗಳು ಕಟ್ಟೆಯ ಕಡೆ ತಿರುಗಿದಳು. "ಕಾಗೆ ತಿಂದು ಹೋಯ್ತು" ಎಂದಳು. ನೋಡಿದರೆ ಎಲೆಯಲ್ಲಿ ಅನ್ನ ಕೆದರಿತ್ತು, ಎಳ್ಳುಂಡೆ ಇರಲಿಲ್ಲ. ಯಾವಾಗ ಬಂತು, ಯಾವ ಕಡೆಯಿಂದ ಬಂತು, ಯಾರೂ ನೋಡಿರಲಿಲ್ಲ. ಮಗಳು ಅಲ್ಲೇ ನಿಂತಿದ್ದಳು ಎಂಬುದನ್ನು ಮಾತ್ರ ಎಲ್ಲರೂ ನೋಡಿದ್ದರು. ಕಾಗೆಯ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟನ್ನು ನಾನು ಬಿಟ್ಟೆ. ಮನುಷ್ಯರ ಮೇಲಿನದು ಬಿಡಲಿಲ್ಲ.

ಅತ್ತಿಗೆ ಊಟಕ್ಕೆ ಕೂತರು. ಶ್ರಾದ್ಧದ ಎಲೆ ಬಿಟ್ಟು ಏಳುವ ಧೈರ್ಯ ಅವರಿಗೂ ಇಲ್ಲ. ಪಾಯಸ ಎರಡನೇ ಸಲ ಬೇಡ ಎಂದು ಕೈ ಅಡ್ಡ ಹಿಡಿದರು, ಕೈ ತೊಳೆದು ಟ್ಯಾಕ್ಸಿಗೆ ಹೇಳಿದರು. ನನ್ನ ಗಂಡ ಕೆಳಗಿನ ತನಕ ಹೋಗಿ ಕೂರಿಸಿ ಬಂದರು. ಆ ದಿನ ಮಗಳು ಪಾಯಸವನ್ನು ಬಿಸಿ ಇರುವಾಗಲೇ ಉಂಡಳು. ಅವಳು ಹಾಗೆ ಉಂಡದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಆದರೆ ಅತ್ತಿಗೆ ಸೋಲುವ ಪೈಕಿಯಲ್ಲ. ಮಗಳಿಗೆ ಹೆಣ್ಣು ಮಗು ಹುಟ್ಟಿತು. ಯಾರ ಪಾಳಿಯೂ ಬರಲಿಲ್ಲ, ಎಲ್ಲರೂ ಇದ್ದಲ್ಲೇ ಇದ್ದೇವೆ, ದೇವರು ದೊಡ್ಡವನು. ಭಾಂಡುಪ್‌ನಲ್ಲಿ ತೊಟ್ಟಿಲು ಹಾಕುವ ದಿನ ಅತ್ತಿಗೆ ಬಂದರು, ಒಂದು ಬೆಳ್ಳಿ ಲೋಟ ತಂದಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಣೆ ಸವರಿ, ಕಣ್ಣಲ್ಲಿ ನೀರು ತುಂಬಿಕೊಂಡು ಬಂದವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ನಮ್ಮ ಅಪ್ಪನದೇ ಹಣೆ. ಅಪ್ಪನೇ ತಿರುಗಿ ಬಂದಿದ್ದಾರೆ."

ಅಳಿಯನ ಕಡೆಯವರು ಭಕ್ತಿಯಿಂದ ನೋಡಿದರು. ಅಲ್ಲಿದ್ದ ಹೆಂಗಸೊಬ್ಬರು ಮಗುವಿನ ಕಾಲಿಗೆ ಕೈ ಮುಗಿದರು. ಹೊಸ ಕಥೆಯ ಮೊದಲ ಸಾಲು ಇದು ಎಂದು ನನಗೆ ಗೊತ್ತಾಯಿತು. ಒಂದು ಹುಡುಗಿ ಸತ್ತವರಿಗಾಗಿ ಮೆಟ್ಟಿಲಿಳಿದು ಅಡಗಿಕೊಂಡಳು, ಇನ್ನೊಬ್ಬಳು ಸತ್ತವರ ಹಾಗೆ ನಡೆದುಕೊಳ್ಳುತ್ತ ಬೆಳೆಯಬೇಕು. ನಾನು ಏಳುವಷ್ಟರಲ್ಲಿ ಮಗಳೇ ಬಗ್ಗಿ ಮಗುವನ್ನು ಎತ್ತಿಕೊಂಡಳು.

"ಅಜ್ಜ ಅಲ್ಲ ಅತ್ತೆ ಇವಳು" ಎಂದಳು. "ಇವಳು ಈಗಷ್ಟೇ ಬಂದಿದ್ದು."

ಜಗಳದ ಧ್ವನಿ ಅಲ್ಲವೇ ಅಲ್ಲ. ತೊಟ್ಟಿಲಲ್ಲಿ ಮಲಗಿಸಿ, ಬೆಳ್ಳಿ ಲೋಟವನ್ನು ಉಳಿದ ಉಡುಗೊರೆಗಳ ಜೊತೆಗೆ ಇಟ್ಟಳು. ನನ್ನ ಗಂಡ ನನ್ನನ್ನು ನೋಡಿದರು. ಈ ಸಲ ಮುಖದಲ್ಲಿ 'ಇರಲಿ ಬಿಡು' ಇರಲಿಲ್ಲ.

ಈ ವರ್ಷ ಪಂಚಾಂಗ ಮತ್ತೆ ದಯೆ ತೋರಿಸಿದೆ. ನಕ್ಷತ್ರ ಇವತ್ತು, ತಿಥಿ ನಾಳೆ. ಬಾಗಿಲಿಗೆ ರಂಗೋಲಿ ಹಾಕಿದ್ದೇನೆ, ದೊಡ್ಡದೇ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಅದನ್ನು ಒರೆಸಬೇಕು, ಒರೆಸುತ್ತೇನೆ. ಮಾವನ ಮೇಲೆ ನನಗೆ ಯಾವ ಜಗಳವೂ ಇಲ್ಲ. ಹೆಣ್ಣೇ ಆಗಲಿ ಎಂದವರು ಅವರು. ಮಗಳು ಮಗುವಿನ ಜೊತೆ ಬಂದು ಒಳಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಳೆ. ಇಷ್ಟು ದೊಡ್ಡವಳಿಗೆ ಇದೆಲ್ಲ ಎಂಥದಮ್ಮಾ ಎಂದು ಗೊಣಗುತ್ತಲೇ ತಲೆ ಬಗ್ಗಿಸಿದ್ದಾಳೆ. ಇವರು ಮಾಟುಂಗಾಕ್ಕೆ ಹೋಗಿ ಹೂ ತಂದಿಟ್ಟು, ಆರತಿಯ ತಟ್ಟೆ ಎಲ್ಲಿ ಎಂದು ಕೇಳುತ್ತಿದ್ದಾರೆ. ಒಲೆಯ ಮೇಲೆ ಹೆಸರುಬೇಳೆ ಪಾಯಸ ಕುದಿಯುತ್ತಿದೆ.

ನಾಳೆ ಅತ್ತಿಗೆ ಬರುತ್ತಾರೆ. ಎಲೆ ಹಾಕುತ್ತೇನೆ. ವಡೆ ಬಿಸಿಯಾಗಿಯೇ ಬಡಿಸುತ್ತೇನೆ, ಶ್ರಾದ್ಧದ ಊಟಕ್ಕೆ ಕೂತವರಿಗೆ ತಣ್ಣಗಿನದು ಬಡಿಸಬಾರದು. ಮಾವನ ಹೆಸರಿನ ಪಾಯಸವನ್ನು ನಾಳೆಯೇ ಬೇರೆ ಪಾತ್ರೆಯಲ್ಲಿ ಮಾಡುತ್ತೇನೆ. ಇವತ್ತಿನದು ನನ್ನ ಮಗಳದು. ಅದರಲ್ಲಿ ನಾಳೆಗೆಂದು ಒಂದು ಸೌಟೂ ಉಳಿಸುವುದಿಲ್ಲ.